ಅಡಕ ಏಳು

ಮಾರ್ಚಿ ಮೂವತ್ತೊಂದರೊಳಗೆ ತುಂಬಿ ಕಳಿಸಬೇಕು:
ಅಧ್ಯಾಪಕರ ಸಾಧನೆಗಳು, ಒಂಬತ್ತು ಕಲಂ.
ಪ್ರಿನ್ಸಿಪಾಲರು ಹಾಳೆಯನ್ನು ನನ್ನ ಕಡೆ ಸರಿಸಿ
"ನೀವು ಕನ್ನಡದವರು, ನಾಕು ಮಾತು ಚಂದ ಬರೀತೀರಿ" ಅಂದರು.
ಮಸ್ಕಿಯ ಬಿಸಿಲು ಹತ್ತೂವರೆಗೇ
ಸ್ಟಾಫ್ ರೂಮಿನ ತಗಡಿನ ಮೇಲೆ ಕಾಲು ಚಾಚಿ ಕೂತಿತ್ತು.

ಮೊದಲ ಹೆಸರು ಸೂಗಪ್ಪ, ಅರ್ಥಶಾಸ್ತ್ರ.
ಧಾರವಾಡದ ವಿಚಾರ ಸಂಕಿರಣಕ್ಕೆ
ರಾತ್ರಿ ಬಸ್ಸಿನ ಕೊನೇ ಸೀಟಿನಲ್ಲಿ ಎಗರಿ ಎಗರಿ ಹೋಗಿ
ಹನ್ನೊಂದು ಪುಟದ ಪ್ರಬಂಧವನ್ನು ಐದು ನಿಮಿಷಕ್ಕೆ ಓದಿದ.
ಕೇಳಿದವರು ಇಬ್ಬರು;
ಒಬ್ಬ ಮುಂದಿನ ಪ್ರಬಂಧದವನು, ಇನ್ನೊಬ್ಬ ಮೈಕಿನವನು.
ಪ್ರಮಾಣಪತ್ರದಲ್ಲಿ ಸಾಗಪ್ಪ ಎಂದಿದೆ.
"ಇರ್ಲಿ ಬಿಡ್ರಿ, ಬಂದವನ್ನ ಸಾಗಹಾಕ್ಯಾರ" ಎಂದು ತಾನೇ ನಕ್ಕ.
ಕಲಂ ಮೂರು: ಒಂದು. ಬರೆದೆ.

ಅಮರೇಗೌಡ, ದೈಹಿಕ ಶಿಕ್ಷಣ.
ವಲಯ ಮಟ್ಟದ ಖೋ ಖೋ, ಎರಡನೇ ಸ್ಥಾನ.
ಬಂದದ್ದು ಎಷ್ಟು ತಂಡ ಎಂದು ಕೇಳಬೇಡ ಅಂದ.

ರಾಬಿಯಾ ಮೇಡಂ, ರಸಾಯನಶಾಸ್ತ್ರ.
ಪ್ರಕಟಿತ ಲೇಖನ: ಇಲ್ಲ.
ಆದರೆ ಅವರ ಲ್ಯಾಬಿನ ಕಿಟಕಿಯಲ್ಲಿ
ನಲವತ್ತಮೂರು ಬಾಟಲಿ ನೀರು ನಿಂತಿದೆ,
ಬಾಟಲಿಗೊಂದು ಚೀಟಿ, ಚೀಟಿಗೊಂದು ಹುಡುಗಿಯ ಕೈಬರಹ:
ನಮ್ಮ ಮನಿ ಬೋರು. ಸಾಲಿ ನಳ. ಅತ್ತಿ ಊರ ಬಾವಿ.
ಮೂರು ಚಳಿಗಾಲ ಕೂತು ಒಂದೊಂದನ್ನೂ ಅಳೆದು
ಯಾವುದು ಕುಡಿಯಬಹುದು, ಯಾವುದು ಹಲ್ಲು ತಿನ್ನುತ್ತದೆ ಎಂದು
ಅವರವರ ಮನೆಗೇ ಪೋಸ್ಟ್ ಕಾರ್ಡು ಹಾಕಿದರು.
ಒಬ್ಬಳ ಅವ್ವ ಕಾರ್ಡನ್ನು ದೇವರ ಫೋಟೋದ ಹಿಂದೆ ಸಿಗಿಸಿ
ಈಗ ದೂರದ ನಳಕ್ಕೇ ಕೊಡ ಒಯ್ಯುತ್ತಾಳಂತೆ.
ಪ್ರಕಟಣೆಗೆ ನೋಂದಣಿ ಸಂಖ್ಯೆ ಇದೆಯೇ,
ಕಲಂ ಕೇಳುತ್ತದೆ.
ಪಿನ್ ಕೋಡ್ ಇದೆ.

ಹುಸೇನಪ್ಪನ ಹೆಸರಿಗೆ ಸಾಲೇ ಇಲ್ಲ.
ಇತಿಹಾಸ; ಹದಿನಾಲ್ಕು ವರ್ಷದಿಂದ ಅತಿಥಿ.
ನಮ್ಮ ಕಡೆ ಮೂರು ದಿನ ಉಳಿದ ಅತಿಥಿಗೆ
ನಾಲ್ಕನೇ ದಿನ ಮನೆಯ ಕೆಲಸ ಹಚ್ಚುತ್ತಾರೆ,
ಸಂಬಳ ಹಚ್ಚುವುದಿಲ್ಲ.
ಪ್ರತಿವರ್ಷ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು
ಬಂಡೆಯ ಮೇಲಿನ ದೊರೆಯ ಮಾತು ಓದಿಸುತ್ತಾನೆ,
ಬ್ರಾಹ್ಮಿ, ಗಾಳಿಯಲ್ಲಿ ಬೆರಳಾಡಿಸಿ:
"ಕ ಅಂದ್ರ ಕೂಡಿಸೋ ಚಿಹ್ನೆ. ಗ ಅಂದ್ರ ಗುಡಾರ.
ದೊರಿ ಏನಂತಾನ ಕೇಳ್ರಿ:
ಎರಡೂವರಿ ವರ್ಷಾತು ನಾ ಈ ದಾರಿ ಹಿಡದು,
ಈಗೀಗ ದುಡ್ಯಾಕ ಹತ್ತೀನಿ."

ಹೋದ ವಾರ ನನ್ನ ಪೀರಿಯಡ್ಡಿನಲ್ಲಿ
ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಹೊರಟ
ಚೀಟಿಯೊಂದನ್ನು ನಡುವೆ ಹಿಡಿದೆ.
ಕೂಡಿಸುವ ಚಿಹ್ನೆ, ಗುಡಾರ, ಮೀನಿನ ಗಾಳ, ಚುಕ್ಕೆ,
ಒಂದೂ ತಿಳಿಯಲಿಲ್ಲ.
ಹುಸೇನಪ್ಪ ಓದಿದ, ಓದಿ ಕೆಮ್ಮಿದ,
"ಬ್ಯಾಡ ಬಿಡ್ರಿ ಸರ್" ಅಂದ. ನಾನು ಬಿಡಲಿಲ್ಲ.
"ಈ ಸರ್ ಷಟ್ಪದಿ ಯಾವಾಗ ಮುಗೀತೈತೆ ಯವ್ವಾ,
ಹೊಟ್ಟಿ ಹಸದೈತಿ."

ಸಿಟ್ಟು ಬರಬೇಕಿತ್ತು. ಚೀಟಿಯನ್ನೇ ನೋಡುತ್ತ ಕೂತೆ.
ಎರಡು ಸಾವಿರ ಚಿಲ್ಲರೆ ವರ್ಷ ಬಂಡೆಗೆ ಅಂಟಿದ್ದ ಅಕ್ಷರ
ಎದ್ದು, ಮೈಕೊಡವಿ,
ಊಟದ ಗಂಟೆ ಕೇಳುತ್ತಿತ್ತು.

ನನ್ನ ಸಾಲು ಕೊನೆಯದು.
ಪುಸ್ತಕ ಒಂದು, ಪ್ರತಿ ಮುನ್ನೂರು;
ಇನ್ನೂರ ಅರವತ್ತು ಮಂಚದ ಕೆಳಗಿವೆ,
ತಂಪು ಏರಬಾರದೆಂದು ಜೋಳದ ಚೀಲವನ್ನು
ಹೆಂಡತಿ ಅವುಗಳ ಮೇಲಿಡುತ್ತಾಳೆ.
ಅದನ್ನು ಬರೆಯಲು ಕೂತವನು ಬರೆದದ್ದು ಬೇರೆ:
ಇಪ್ಪತ್ತೆರಡು ವರ್ಷವಾಯಿತು ನಾನು ಈ ದಾರಿ ಹಿಡಿದು.
ಈಗೀಗ
ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಸಂಜೆ ಅಡಕಗಳನ್ನು ಜೋಡಿಸಿ ಕೊಟ್ಟೆ.
ಪ್ರಿನ್ಸಿಪಾಲರು ಏಳನೆಯದನ್ನು ಬೆಳಕಿಗೆ ಹಿಡಿದು
ತಿರುವಿದರು, ತಲೆಕೆಳಗು ಮಾಡಿದರು.
"ಇದ್ಯಾವ ಭಾಷಾದ ಸರ್ಟಿಫಿಕೇಟ್ರಿ?"
"ಕನ್ನಡಾನರಿ ಸರ್. ಹುಸೇನಪ್ಪಂದು."
ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದರು.